ಸರ, ಸೀಟು ಸಿಗತೈತೇನ್ರಿ?

ಮದುವೆ ಮನೆಯಲ್ಲಿ ಡಾಕ್ಟರು ಕಣ್ಣಿಗೆ ಬಿದ್ದರೆ ಜನ ಅಂಗಿ ಎತ್ತಿ ಹೊಟ್ಟೆ ತೋರಿಸುತ್ತಾರಂತೆ. ನಾನು ಕಣ್ಣಿಗೆ ಬಿದ್ದರೆ ಕಿಸೆಯಿಂದ ಮಾರ್ಕ್ಸ್ ಕಾರ್ಡು ತೆಗೆಯುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಒಮ್ಮೆ ಹಲ್ಲು ಕೀಳಿಸಿಕೊಂಡು ಬಾಯಿ ತುಂಬ ಹತ್ತಿ ಇಟ್ಟುಕೊಂಡು ಕುಂತಾಗಲೂ ಇದು ತಪ್ಪಲಿಲ್ಲ.

ತಪ್ಪು ನನ್ನದೇ. ಬಾಗಲಕೋಟೆಯ ಕಾಲೇಜೊಂದರಲ್ಲಿ ಪಿಯುಸಿಗೆ ಗಣಿತ ಹೇಳುತ್ತಿದ್ದೆ. ಎಂಜಿನಿಯರಿಂಗ್ ಸೀಟಿಗೆ ಆಗಿನ್ನೂ ಪ್ರವೇಶ ಪರೀಕ್ಷೆ ಬಂದಿರಲಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಈ ಮೂರರ ಅಂಕ ಕೂಡಿಸಿ, ಹೆಚ್ಚಿದ್ದವರನ್ನು ಮೊದಲು ಕರೆಯುತ್ತಿದ್ದರು. ಯಾವ ಹುಡುಗನಿಗೆ ಎಷ್ಟಕ್ಕೆ ಎಲ್ಲಿ ಸಿಕ್ಕಿತು ಎಂದು ನಾನು ಸುಮ್ಮನೆ ಕುತೂಹಲಕ್ಕೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಒಂದು ವರ್ಷ ಅದನ್ನು ನೋಡಿ ನಾಲ್ಕು ಹುಡುಗರ ಬಗ್ಗೆ ಭವಿಷ್ಯ ಹೇಳಿದೆ. ನಾಲ್ಕೂ ಖರೆ ಆದವು. ಅಲ್ಲಿಗೆ ನನ್ನ ಬೇಸಿಗೆ ರಜೆ ಮುಗಿಯಿತು. ಹುನಗುಂದ, ಇಳಕಲ್ಲು, ಬಾದಾಮಿ ಕಡೆಯಿಂದ ಬರುವ ಪ್ರತಿ ಬಸ್ಸಿನಿಂದ ಒಬ್ಬ ತಂದೆಯಾದರೂ ನಮ್ಮ ಮನೆಗೇ ಇಳಿಯತೊಡಗಿದ.

ತುಪ್ಪ

ಹುನಗುಂದದ ಮದುವೆಯೊಂದರಲ್ಲಿ ಊಟಕ್ಕೆ ಕುಂತಿದ್ದೆ. ತುಪ್ಪ ಬಡಿಸುತ್ತಿದ್ದವರು ನನ್ನ ಎಲೆಯ ಮುಂದೆ ಬಗ್ಗಿದವರು ಮೇಲೇಳಲೇ ಇಲ್ಲ.

"ಸರ, ನನ್ನ ಮಗಂದು ಎಪ್ಪತ್ತೊಂದು ಪರ್ಸೆಂಟ್ ಆಗೇತ್ರಿ. ಹೆಂಗ್ರಿ?" ಎಂದರು. ಕಣ್ಣು ನನ್ನ ಮುಖದ ಮೇಲೆ, ಕೈ ಮಾತ್ರ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತಲೇ ಇತ್ತು. ಹೋಳಿಗೆ ಮುಳುಗಿತು, ಬದನೆಕಾಯಿ ಪಲ್ಯ ತೇಲತೊಡಗಿತು. ನಾನು ಎರಡೂ ಕೈ ಅಡ್ಡ ಹಿಡಿದು, "ಸಾಕ್ರಿ, ಸಾಕ್ರಿ! ಇದ ಭಾಳ ಆತು!" ಎಂದು ಕೂಗಿದೆ.

ಆತನ ಮುಖ ಅರಳಿತು. ಇನ್ನೊಂದು ಸೌಟು ಹಾಕಿ ಹೋದರು. ಆಗಲೇ ನನಗೆ ತಿಳಿಯಬೇಕಿತ್ತು.

ಎಪ್ಪತ್ತೊಂದಕ್ಕೆ ಎಂಜಿನಿಯರಿಂಗ್ ಕಾಲೇಜಿನ ಗೇಟೂ ಕಾಣುವಂತಿರಲಿಲ್ಲ. ಎರಡು ತಿಂಗಳಾದ ಮೇಲೆ ಮಗನನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ನನ್ನ ಮಾತು ನಂಬಿ ಬಿ.ಎಸ್ಸಿಗೂ ಅರ್ಜಿ ಹಾಕಿರಲಿಲ್ಲ.

"ಅಷ್ಟು ಮಂದಿ ಮುಂದ ಭಾಳ ಆತು ಅಂದಿದ್ರಿ, ಸರ."

"ಅದು ತುಪ್ಪಕ್ಕ ಅಂದದ್ರಿ, ಮಾರಾಯ್ರ!"

ನಾನು ಪ್ರಿನ್ಸಿಪಾಲರ ಕೈಕಾಲು ಹಿಡಿದು, ತಡವಾಗಿದ್ದರೂ ಹುಡುಗನನ್ನು ನಮ್ಮಲ್ಲೇ ಬಿ.ಎಸ್ಸಿಗೆ ಸೇರಿಸಿದೆ. ಹೋಗುವಾಗ ತಂದೆ ಬಾಗಿಲಲ್ಲಿ ನಿಂತು ಕೇಳಿದರು: "ಅಲ್ರಿ ಸರ, ಹಂಗಾರ ಹೋಳಿಗಿ ಬಡಸಾಂವಗ 'ಇನ್ನೊಂದು ಇರ್ಲಿ' ಅಂದ್ರೆಲ್ಲ, ಅದನ್ನ ಕೇಳಿ ನಾ ಇನ್ನೊಂದು ಎಂಜಿನಿಯರಿಂಗ್ ಕಾಲೇಜಿಗೂ ಅರ್ಜಿ ಹಾಕಿಸಿದ್ನಿ. ಅದೂ ಬರೇ ಹೋಳಿಗಿಗೇನ್ರಿ?"

ಜೋಡಣೆ

ಇಳಕಲ್ಲಿನಿಂದ ಒಬ್ಬ ನೇಕಾರರು ಬಂದರು. ಮಗನ ಮಾರ್ಕ್ಸ್ ಕಾರ್ಡನ್ನು ಸೀರೆಯ ಮಡಿಕೆ ಬಿಚ್ಚಿದ ಹಾಗೆ ಮೆಲ್ಲಗೆ ಬಿಚ್ಚಿ ಚಾಪೆಯ ಮೇಲೆ ಹರವಿದರು. ಕನ್ನಡದಲ್ಲಿ ತೊಂಬತ್ತರ ಹತ್ತಿರ. ಗಣಿತದಲ್ಲಿ ಮೂವತ್ತೆಂಟು. ನನ್ನದೇ ವಿಷಯ, ನನ್ನದೇ ವಿದ್ಯಾರ್ಥಿ. ನನಗೇ ನಾಚಿಕೆಯಾಯಿತು.

"ಕಷ್ಟ ಐತ್ರಿ, ಕಾಕಾರ. ಕನ್ನಡದ ಮಾರ್ಕ್ಸ್ ಅವರು ಹಿಡಿಯಂಗಿಲ್ಲ."

"ಹಿಡಿಯಂಗಿಲ್ಲ ಅಂದ್ರ? ಇವ ಓದಿ ತೊಗೊಂಡಾನಲ್ರಿ, ಕದ್ದು ತಂದಿಲ್ಲ."

"ಓದ್ಯಾನ್ರಿ. ಆದರ ಅವರಿಗೆ ಬೇಕಾದ್ದು ಮೂರ ವಿಷಯ."

ಅವರು ಕಾರ್ಡಿನ ಮೇಲೆ ಬೆರಳಾಡಿಸುತ್ತ ಯೋಚಿಸಿದರು. "ಕನ್ನಡದಾಗ ಹೆಚ್ಚಾಗಿದ್ದು ಒಂದು ನಲವತ್ತು ತಗದು ಗಣಿತಕ್ಕ ಜೋಡಸಾಕ ಬರಂಗಿಲ್ಲೇನ್ರಿ?"

"ಬರಂಗಿಲ್ರಿ."

"ನಮ್ಮ ಸೀರಿ ನೋಡ್ರಿ. ಒಡಲಿಗೆ ಹತ್ತಿ ನೂಲು, ಸೆರಗಿಗೆ ರೇಷ್ಮಿ. ಎರಡೂ ಬ್ಯಾರೆ ಬ್ಯಾರೆ. ಒಂದೊಂದ ಎಳಿ ಹಿಡದು ಹೆಂಗ ಕೂಡಸ್ತೇವಿ ಅಂದ್ರ, ಎಲ್ಲಿ ಜೋಡಿಸೇತಿ ಅಂತ ಉಟ್ಟಾಕಿಗೂ ತಿಳಿಯಂಗಿಲ್ಲ."

ನಾನು ಅರ್ಧ ತಾಸು ವಿವರಿಸಿದೆ. ಎಲ್ಲ ಕೇಳಿಸಿಕೊಂಡು, ಕಾರ್ಡು ಮಡಚಿ ಒಳ ಅಂಗಿಯಲ್ಲಿಟ್ಟುಕೊಂಡು ಎದ್ದರು. ಹುಡುಗನ ಬೆನ್ನ ಮೇಲೆ ಕೈ ಇಟ್ಟು ಹೇಳಿದರು: "ನಡಿಯಪಾ. ಸೀಟು ಕೊಡಾವ್ರಿಗೆ ಕಸಬು ಗೊತ್ತಿಲ್ಲ."

ಜೋಡು ಕಾರ್ಡು

ಬಾದಾಮಿಯ ಒಂದು ಕಚೇರಿಯ ಹೆಡ್ ಕ್ಲರ್ಕ್ ಮನೆಗೆ ಬರುತ್ತಿರಲಿಲ್ಲ, ಅದೊಂದು ಪುಣ್ಯ. ಟಪಾಲಿನಲ್ಲಿ ಜೋಡು ಕಾರ್ಡು ಹಾಕಿದರು. ಒಂದರಲ್ಲಿ ಮಗನ ಅಂಕಗಳು. ಉತ್ತರ ಬರೆಯಬೇಕಾದ ಇನ್ನೊಂದರಲ್ಲಿ ನನ್ನ ಕೆಲಸ ಹಗುರ ಮಾಡಲು ಅವರೇ ಬರೆದಿದ್ದರು: "೧. ಸೀಟು ಸಿಗುತ್ತದೆ. ೨. ಸೀಟು ಖಂಡಿತ ಸಿಗುತ್ತದೆ. ಬೇಡವಾದದ್ದನ್ನು ಹೊಡೆದುಹಾಕಿ ರುಜು ಮಾಡತಕ್ಕದ್ದು."

ಅಂಕ ನೋಡಿದೆ. ಎರಡನ್ನೂ ಹೊಡೆದುಹಾಕಿ, ರುಜು ಮಾಡಿ ಕಳಿಸಿದೆ.

ವಾರದೊಳಗೆ ಇನ್ನೊಂದು ಜೋಡು ಕಾರ್ಡು ಬಂತು. "ತಮ್ಮ ಉತ್ತರ ತಲುಪಿದೆ. ಎರಡನ್ನೂ ಹೊಡೆದಿರುವುದು ಕ್ರಮಬದ್ಧವಲ್ಲವಾದ್ದರಿಂದ ತಿರಸ್ಕರಿಸಲಾಗಿದೆ. ಒಂದನ್ನು ಮಾತ್ರ ಹೊಡೆದು ಮರುಟಪಾಲಿಗೆ ಕಳಿಸುವುದು."

ಒಳ್ಳೆ ಬಾಯಿ

ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಗೆಳೆಯರೊಬ್ಬರಿದ್ದರು. ಯಾರೇ ಕೇಳಲಿ, ಕಾರ್ಡು ನೋಡದೆ "ಸಿಗತೈತಿ, ಚಿಂತಿ ಮಾಡಬ್ಯಾಡ್ರಿ" ಅನ್ನುತ್ತಿದ್ದರು. ನಾನು ನೋಟ್‌ಬುಕ್ ತೆಗೆದು, ಕೂಡಿಸಿ, ಭಾಗಿಸಿ, ಇದ್ದದ್ದು ಹೇಳುತ್ತಿದ್ದೆ. ಸೀಟು ಸಿಕ್ಕವರು ಅವರ ಮನೆಗೆ ಪೇಡೆ ಒಯ್ಯುತ್ತಿದ್ದರು. ಸಿಗದವರು ನನ್ನ ಮನೆಗೆ ಬಂದು, "ನಿಮ್ಮ ಬಾಯಾಗ ಅಂಥಾ ಮಾತು ಬಂತಲ್ರಿ, ಅದಕ್ಕ ಸಿಗಲಿಲ್ಲ" ಅನ್ನುತ್ತಿದ್ದರು.

"ನಿಮಗ್ಯಾಕ ಬೇಕಿತ್ತು ಈ ಉಸಾಬರಿ? ನೀವೂ ಒಂದು ಸಲ ಸಿಗತೈತಿ ಅನ್ರಲಾ. ನಾಲಿಗಿ ಏನ ಸವಿಯಂಗಿಲ್ಲ," ಎಂದಳು ಹೆಂಡತಿ.

ಸರಿ ಎಂದು ನಿಶ್ಚಯ ಮಾಡಿದೆ. ಮರುದಿನ ಗುಳೇದಗುಡ್ಡದಿಂದ ಒಬ್ಬ ತಾಯಿ ಬಂದರು. ಮನೆಯ ಮಗ್ಗದಲ್ಲಿ ಕುಪ್ಪಸದ ಖಣ ನೇಯುವ ಕುಟುಂಬ. ಮಗನದು ಅತ್ತ ಸಿಗುವಂತೆಯೂ ಇಲ್ಲ, ಇತ್ತ ಬಿಡುವಂತೆಯೂ ಇಲ್ಲ, ನಡುವಿನ ಅಂಕ. ನಾನು ಮುಖದ ಮೇಲೆ ನಗೆ ತಂದುಕೊಂಡು, "ಸಿಗತೈತ್ರಿ, ಅವ್ವಾರ. ಏನೂ ಚಿಂತಿ ಮಾಡಬ್ಯಾಡ್ರಿ," ಎಂದೆ.

ಆಕೆಯ ಮುಖ ಬಿಳಿಚಿತು. ಸೆರಗು ಬಾಯಿಗಿಟ್ಟುಕೊಂಡು ಅಂದರು: "ಅಯ್ಯ ಶಿವನ! ನೀವ ಹಿಂಗ ಅಂದ್ರ, ಪೂರಾ ಕೈ ಬಿಟ್ಟಂಗ ಆತೇನ್ರಿ? ನಮ್ಮ ಮಾವಗ ಡಾಕ್ಟರ್ರು ಇನ್ನ ಬೇಕಾದ್ದು ತಿನ್ನಸ್ರಿ ಅಂದಾಗಲೂ ಹಿಂಗ ನಕ್ಕಿದ್ರು!"

ಐಹೊಳೆ

ಊರಿಂದ ಬಂದ ಬೀಗರಿಗೆ ಐಹೊಳೆ ತೋರಿಸಲು ಹೋದೆ. ಅಲ್ಲಿ ಯಾರಿಗೂ ನನ್ನ ಗುರುತಿಲ್ಲ ಎಂಬ ಧೈರ್ಯ. ಗುಡಿ ತೋರಿಸುವವರು ಕಂಬ ಕಂಬಕ್ಕೂ ನಿಂತು ಚೆನ್ನಾಗಿ ಹೇಳುತ್ತಿದ್ದರು. ನಮ್ಮ ಬೀಗರು ಸುಮ್ಮನಿರಬಾರದೇ, "ಇವರ ನೋಡ್ರಿ, ಸೀಟು ಹೇಳೋ ಮಾಸ್ತರು" ಅಂದುಬಿಟ್ಟರು.

ಅಲ್ಲಿಗೆ ಚಾಲುಕ್ಯರು ಮುಗಿದರು. ಗುಡಿ ತೋರಿಸುವವರು ತಮ್ಮ ಅಕ್ಕನ ಮಗನ ಅಂಕ ಹೇಳಿದರು. ನಾನು ಆಗುವುದಿಲ್ಲ ಎಂದೆ. ಅವರು ತಲೆ ಎತ್ತಿ ಗುಡಿಯ ಮಾಳಿಗೆಯನ್ನೊಮ್ಮೆ ನೋಡಿದರು.

"ಇದನ್ನ ಕಟ್ಟಿದಾವಂದು ಪರ್ಸೆಂಟೇಜ್ ಎಷ್ಟಿತ್ರಿ, ಸರ?"

"ನನಗೇನ ಗೊತ್ರಿ?"

"ಗೊತ್ತಿಲ್ಲ ಹೌದಲ್ಲ? ಹಂಗಾರ ಬರ್ರಿ ಈ ಕಡೆ, ಬಾಗಲಾ ಗಿಡ್ಡ ಐತಿ, ತಲಿ ತಗ್ಗಿಸಿ ಬರ್ರಿ."

ಕಮತಗಿಯ ಹುಡುಗಿ

ಒಂದು ವರ್ಷ ಕಮತಗಿ ಹತ್ತಿರದ ಹಳ್ಳಿಯಿಂದ ಒಬ್ಬ ಕುರಿಗಾರರು ಬಂದರು. ಹೆಗಲ ಮೇಲೆ ಕಂಬಳಿ, ಹಣೆಗೆ ಬೀರಪ್ಪ ದೇವರ ಭಂಡಾರದ ಅರಿಸಿನ. ಮಗಳು ನನ್ನ ವಿದ್ಯಾರ್ಥಿನಿಯೇ. ಇಡೀ ತರಗತಿ ಕೈಬಿಟ್ಟ ಲೆಕ್ಕವನ್ನು ಹಿಂದಿನ ಬೆಂಚಿನಲ್ಲಿ ಕುಂತು ಬಿಡಿಸುತ್ತಿದ್ದ ಹುಡುಗಿ. ಕಾರ್ಡು ನೋಡಿ ಕುಣಿಯುವುದೊಂದು ಬಾಕಿ. ಇಷ್ಟು ವರ್ಷದಲ್ಲಿ ಮೊದಲ ಸಲ ಯಾವ ಹಿಂಜರಿಕೆಯೂ ಇಲ್ಲದೆ, "ಖಂಡಿತ ಸಿಗತೈತ್ರಿ, ಯಜಮಾನ್ರ! ಬರದು ಕೊಡ್ಲೇನು?" ಎಂದೆ.

ಆತ ನೆಲ ನೋಡುತ್ತ ಕುಂತರು. "ಸ್ವಲ್ಪನೂ ಅನುಮಾನ ಇಲ್ಲೇನ್ರಿ?"

"ಎಳ್ಳಷ್ಟೂ ಇಲ್ಲ."

"ಸಿಗಂಗಿಲ್ಲ ಅಂತ ಒಂದ ಸಲ ಹೇಳಿಬಿಡ್ರೆಲಾ, ಸರ."

ನನಗೆ ತಲೆ ಕೆಟ್ಟಿತು. ಸಿಗುವುದಿಲ್ಲ ಎಂದರೆ ಸಿಗುತ್ತದೆ ಅನ್ನಿ ಎನ್ನುವವರನ್ನು ಕಂಡಿದ್ದೆ. ಇದು ಹೊಸದು. ಮೆಲ್ಲಗೆ ವಿಷಯ ಹೊರಬಂತು. ತಂಗಿಯ ಮಗನಿಗೆ ಇವಳನ್ನು ಕೊಡುವುದೆಂದು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಹುಡುಗಿ, "ಸೀಟು ಸಿಗದಿದ್ರ ನೀ ಹೇಳಿದಂಗ ಕೇಳ್ತೇನಿ, ಸಿಕ್ಕರ ನನ್ನ ಬಿಡು" ಎಂದು ಅಪ್ಪನಿಂದ ಬೀರಪ್ಪನ ಮೇಲೆ ಆಣೆ ಹಾಕಿಸಿಕೊಂಡಿದ್ದಳು. ಈಗ ಆತನಿಗೆ ಅತ್ತ ತಂಗಿ, ಇತ್ತ ದೇವರು.

"ಸುಳ್ಳು ಹೇಳಾಕ ನನ್ನಿಂದ ಆಗೂದಿಲ್ರಿ," ಎಂದೆ.

"ಹಂಗಾರ ನನ್ನ ತಂಗಿ ಮನಿಗೆ ಬಂದು ಖರೇನ ಹೇಳ್ರಿ. ನನಗ ಆಕಿ ಮುಂದ ಬಾಯಿ ಬರಂಗಿಲ್ಲ."

ಸೀಟು ಬಂದ ವಾರ, ಒಂದು ಭಾನುವಾರ ಹೋದೆವು. ನನ್ನನ್ನು ಕಂಬಳಿ ಹಾಸಿ ಕೂಡಿಸಿದರು. ತಂಗಿ, ಅಂದರೆ ಹುಡುಗನ ತಾಯಿ, ಎದುರಿಗೆ ಬಂದು ಕುಂತಳು. ಅಣ್ಣನ ಕಡೆ ನೋಡಲೇ ಇಲ್ಲ. ಹುಡುಗ ಗೋಡೆಯ ಆಚೆ ಕೊಟ್ಟಿಗೆಯಲ್ಲಿ ಕುರಿಗಳಿಗೆ ಮೇವು ಹಾಕುತ್ತಿದ್ದ. ನಾನು ಮೂರು ವಿಷಯ, ಆಯ್ಕೆ ಪಟ್ಟಿ, ಐದು ವರ್ಷದ ಓದು, ಎಲ್ಲ ಹೇಳಿದೆ. ಆಕೆ ಕಣ್ಣು ಮಿಟುಕಿಸದೆ ಕೇಳಿದಳು.

"ಅಲ್ರೀ ಮಾಸ್ತರ, ಎಲ್ಲಾರದೂ ಹೇಳ್ತೀರಂತ," ಎಂದಳು ಕೊನೆಗೆ. "ನಂದೂ ಒಂದ ಹೇಳ್ರಿ. ನನ್ನ ಮಗಗ ಈ ಹುಡುಗಿ ಸಿಗತಾಳೋ ಇಲ್ಲೋ?"

ಅಷ್ಟು ವರ್ಷದ ಚಾಳಿ. ಬಾಯಿ ನನ್ನನ್ನು ಕೇಳದೆ ತಾನೇ ತೆರೆಯಿತು.

"ಮಗಂದು ಎಷ್ಟಾಗೇತ್ರಿ?"

"ಏಳನೇ ಕ್ಲಾಸು ಎರಡ ಸಲ ಆಗೇತ್ರಿ."

"ಕಷ್ಟ ಐತ್ರಿ, ಅಕ್ಕಾರ. ಇದನ್ನ ನಂಬಿಕೊಂಡು ಕುಂದರಬ್ಯಾಡ್ರಿ. ಬ್ಯಾರೆ ಕಡೆ ಒಂದು ಅರ್ಜಿ ಹಾಕಸ್ರಿ."

ಅಂದಮೇಲೆ ಗೊತ್ತಾಯಿತು, ಏನು ಅಂದೆ ಎಂದು. ಕುರಿಗಾರರು ಕಣ್ಣು ಮುಚ್ಚಿಕೊಂಡರು. ಬಾಗಿಲು ಎಲ್ಲಿದೆ, ನನ್ನ ಚಪ್ಪಲಿ ಎಲ್ಲಿವೆ ಎಂದು ನಾನು ಹುಡುಕತೊಡಗಿದೆ. ಆಕೆ ಬಾಯಿ ತೆರೆಯುವಷ್ಟರಲ್ಲಿ ಗೋಡೆಯ ಆಚೆಯಿಂದ ಹುಡುಗನ ದನಿ ಬಂತು:

"ಅರ್ಜಿ ಆಗಲೇ ಹಾಕೇನ್ರಿ, ಸರ! ಅಮೀನಗಡದಾಗ ಒಬ್ಬಾಕಿಗೆ. ಅವ್ವಗ ಹೇಳಾಕ ನನಗೂ ಬಾಯಿ ಬಂದಿರಲಿಲ್ರಿ!"