ರಾಕೆಟ್ ಪಕ್ಕ ಸ್ವಲ್ಪ ಜಾಗ

ಸ್ಕೋಕಿಯ ಇಂಡಿಯನ್ ಸ್ಟೋರಿನಲ್ಲಿ ಬೆಂಡೆಕಾಯಿ ಆರಿಸುತ್ತ ಇಂದುಮತಿ ಬಾಯಿ ತಪ್ಪಿ ಒಂದು ಮಾತು ಆಡಿಬಿಟ್ಟಳು: "ನಮ್ಮನೆಯವರು ಶನಿವಾರ ಟ್ರೇಲರ್ ತಗೊಂಡು ಆನ್ ಆರ್ಬರ್ ಕಡೆ ಹೋಗ್ತಿದಾರೆ." ಅಷ್ಟೇ. ನಾಲ್ಕೈದು ಗಂಟೆ ದಾರಿಯ ಆ ಊರಿನ ಯೂನಿವರ್ಸಿಟಿಯಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡದ ಅಪ್ಪ ಅಮ್ಮಂದಿರಿಗೆಲ್ಲ ಸುದ್ದಿ ಮುಟ್ಟಲು ಎಷ್ಟು ಹೊತ್ತು ಬೇಕು?

ಟ್ರೇಲರ್ ಇದ್ದದ್ದು ರಾಕೆಟ್ಟಿಗಾಗಿ. ಅವಳ ಗಂಡ ಉಪೇಂದ್ರ ಗರಾಜಿನಲ್ಲಿ ಕೂತು ಹನ್ನೆರಡು ಅಡಿಯ ರಾಕೆಟ್ ಕಟ್ಟಿದ್ದ. ಅದನ್ನು ಮಲಗಿಸಿ ಒಯ್ಯಲು, ಅಲ್ಲೇ ನಿಲ್ಲಿಸಿ ಹಾರಿಸಲು ಟ್ರೇಲರನ್ನೂ ತಾನೇ ವೆಲ್ಡ್ ಮಾಡಿದ್ದ. ಕಾರುಗಳು ಮಾತ್ರ ಎರಡು ಚಳಿಗಾಲ ಹೊರಗೆ ಹಿಮದಲ್ಲಿ ನಿಂತವು. ಇದೆಲ್ಲ ಮಗಳು ಇಂಚರಳಿಗಾಗಿ. ಚಿಕ್ಕವಳಿದ್ದಾಗ ಆಟದ ರಾಕೆಟ್ ಹಾರಿಸಿ "ಇನ್ನೂ ದೊಡ್ಡದು, ಅಪ್ಪ" ಎಂದಿದ್ದವಳು ಈಗ ಆನ್ ಆರ್ಬರಿನ ಆಸ್ಪತ್ರೆಯಲ್ಲಿ ಡಾಕ್ಟರು. ಅವಳ ಮುಖ ನೋಡಿ ಎಷ್ಟೋ ತಿಂಗಳಾಗಿತ್ತು. ಶನಿವಾರ ಹಗಲು ಅವಳಿಗೆ ಬಿಡುವು. ಬಟನ್ ಅವಳೇ ಒತ್ತಬೇಕು ಎಂಬುದೊಂದೇ ಅವನ ಆಸೆ.

ಶುಕ್ರವಾರ ಸಂಜೆ ಪಕ್ಕದ ಮನೆಯ ಪದ್ಮ ಬಂದಳು. "ಉಪೇಂದ್ರ ಅವರೇ, ಒಂದೇ ಒಂದು ಡಬ್ಬ. ನಮ್ಮ ಕುನಾಲ್‌ಗೆ ಚಟ್ನಿಪುಡಿ." ಡಬ್ಬದ ಹಿಂದೆಯೇ ಗ್ರೈಂಡರ್ ಬಂತು. ಹುಬ್ಬಳ್ಳಿಯ ಮನೋಹರ ಮಗಳಿಗೆಂದು ಹಾಸಿಗೆಯನ್ನೇ ಹೊತ್ತು ತಂದ. "ರಾಕೆಟ್ ಪಕ್ಕ ಸ್ವಲ್ಪ ಜಾಗಾ ಐತಲ್ರಿ? ಹಾಸಿಗಿ ಮ್ಯಾಲೇ ಮಲಗಸ್ರಿ, ಕುಲುಕೂದಿಲ್ಲ."

"ಇದು ರಾಕೆಟ್ ಟ್ರೇಲರ್ ಕಣೇ, ಲಾರಿ ಅಲ್ಲ!" ಎಂದು ಉಪೇಂದ್ರ ಹೆಂಡತಿಯ ಮೇಲೆ ರೇಗಿದ.

"ಹೋಗೋ ದಾರೀಲೇ ಅಲ್ವೇನ್ರೀ?" ಎಂದಳು ಇಂದುಮತಿ.

ಇಲ್ಲ ಎನ್ನಲು ಬಾರದ ಪುಣ್ಯಾತ್ಮ. ಬೆಳಿಗ್ಗೆ ಏಳಕ್ಕೆ ಹೊರಡಬೇಕಿದ್ದವನು ನಸುಕಿನ ನಾಲ್ಕಕ್ಕೇ ಹೊರಟ. ಆನ್ ಆರ್ಬರಿನಲ್ಲಿ ಮನೆ ಮನೆ ಹತ್ತಿ ಇಳಿದ. ಕುನಾಲ್ ನಿದ್ದೆಗಣ್ಣಿನಲ್ಲೇ, "ಥ್ಯಾಂಕ್ಸ್ ಅಂಕಲ್! ಥರ್ಡ್ ಫ್ಲೋರ್. ನೋ ಎಲಿವೇಟರ್" ಎಂದ. ಗ್ರೈಂಡರ್ ಹೊತ್ತು ಮೆಟ್ಟಿಲು ಹತ್ತುವಾಗ, ರಾಕೆಟ್ಟಿನ ಮೋಟರನ್ನು ತನ್ನ ಬೆನ್ನಿಗೇ ಕಟ್ಟಿಕೊಳ್ಳಬಾರದಿತ್ತೇ ಎಂದು ಉಪೇಂದ್ರನಿಗೆ ಅನ್ನಿಸಿತು.

ಊರಾಚೆ ಕೊಯ್ಲು ಮುಗಿದ ಮೆಕ್ಕೆಜೋಳದ ಹೊಲ. ಅಲ್ಲಿ ರಾಕೆಟ್ ಹುಚ್ಚಿನವರೆಲ್ಲ ಸೇರಿದ್ದರು. ಅಂತೂ ರಾಕೆಟ್ ಟ್ರೇಲರಿನ ಮೇಲೆ ನೆಟ್ಟಗೆ ನಿಂತಿತು. ಹಾರಿಸಲು ಪರ್ಮಿಷನ್ ಇದ್ದದ್ದು ಮಧ್ಯಾಹ್ನ ಎರಡರವರೆಗೆ. ಇಂಚರಳ ಸುಳಿವಿಲ್ಲ. ಫೋನ್ ಮಾಡಿದರೆ, "ಆಲ್ಮೋಸ್ಟ್ ದೇರ್, ಅಪ್ಪ!" ಉಸ್ತುವಾರಿಯ ಮುದುಕ ಕಾರ್ಲ್ ಕರೆದಾಗಲೆಲ್ಲ ಉಪೇಂದ್ರ ತನ್ನ ಸರದಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ಎರಡು ಹೊಡೆಯಿತು. ರಾಕೆಟ್ಟನ್ನು ಮಲಗಿಸಿದ.

ಆಗ ಧೂಳೆಬ್ಬಿಸುತ್ತ ಬಂತು ಇಂಚರಳ ಕಾರು.

"ಸಾರಿ ಅಪ್ಪ! ನಿನ್ನೆ ಡ್ಯೂಟಿ ಮುಗಿಸಿ ಸೀದಾ ಸ್ಕೋಕಿಗೆ ಡ್ರೈವ್ ಮಾಡ್ದೆ. ನಿನ್ನ ಪಕ್ಕ ಕೂತ್ಕೊಂಡೇ ಬರೋಣ ಅಂತ. ಸರ್‌ಪ್ರೈಸ್! ನೋಡಿದ್ರೆ ನೀನು ಆಗ್ಲೇ ಹೊರಟುಬಿಟ್ಟಿದ್ದೆ. ನಿಂಗೆ ಹೇಳ್ಬೇಡ ಅಂತ ಅಮ್ಮಂಗೂ ಅಂದೆ."

"ಸರಿ, ಆದ್ರೆ ಇಷ್ಟು ಹೊತ್ತು?"

ಇಂಚರ ತಲೆ ತಗ್ಗಿಸಿದಳು. "ವಾಪಸ್ ಹೊರಡ್ತಿದ್ದೆ, ಪದ್ಮ ಆಂಟಿ ನೋಡ್ಬಿಟ್ರು. ಗ್ರೈಂಡರ್ ಕಳ್ಸಿ ಅಕ್ಕಿ ಮರೆತಿದ್ರಂತೆ. ಮನೋಹರ್ ಅಂಕಲ್ ದಿಂಬು ತಂದ್ರು. ಎಲ್ಲಾ ಕೊಟ್ಟು ಬಂದೆ. ಐ ಕುಡ್‌ನಾಟ್ ಸೇ ನೋ."

ಬೈಯಲು ಬಾಯಿ ತೆರೆದ ಉಪೇಂದ್ರನಿಗೆ ನಗುವೇ ಬಂತು. ಮಗಳು ಯಾರ ಮಗಳು!

ಇಬ್ಬರೂ ಟ್ರೇಲರಿನ ಅಂಚಿನಲ್ಲಿ ಕೂತರು. ಸಂಜೆ ಅವಳಿಗೆ ಮತ್ತೆ ಡ್ಯೂಟಿ. ರೆಕ್ಕೆಗಳನ್ನು ಹೇಗೆ ಅಂಟಿಸಿದೆ ಎಂದು ಅವನು ವಿವರಿಸತೊಡಗಿದ. ಎರಡನೆಯ ರೆಕ್ಕೆಗೆ ಬರುವಷ್ಟರಲ್ಲಿ ಹೆಗಲು ಭಾರವಾಯಿತು. ರಾತ್ರಿಯೆಲ್ಲ ಕಾರು ಓಡಿಸಿದ್ದವಳು ಬಾಯಿ ತೆರೆದುಕೊಂಡು ನಿದ್ದೆಹೋಗಿದ್ದಳು. ಉಪೇಂದ್ರ ಅಲುಗಾಡದೆ ಕೂತ.

ಅಷ್ಟರಲ್ಲಿ ಕಾರ್ಲ್ ಏದುಸಿರು ಬಿಡುತ್ತ ಓಡಿ ಬಂದ. ಪರ್ಮಿಷನ್ನು ಇನ್ನೂ ಅರ್ಧ ಗಂಟೆ ಸಿಕ್ಕಿದೆಯಂತೆ. ಏಳು, ಎತ್ತಿ ನಿಲ್ಲಿಸು, ಈಗಲೇ ಹಾರಿಸಿಬಿಡೋಣ ಎಂದು ಕೂಗಾಡಿದ.

ಉಪೇಂದ್ರ ರಾಕೆಟ್ಟನ್ನು ನೋಡಿದ. ಹೆಗಲ ಮೇಲಿನ ತಲೆಯನ್ನು ನೋಡಿದ. ಹಾರಿದರೆ ಮೈಲಿ ದೂರಕ್ಕೆ ಕೇಳುವ ಸದ್ದು ಅದರದು.

ತುಟಿಗೆ ಬೆರಳಿಟ್ಟು, ಕಾರ್ಲನಿಗೆ ಕನ್ನಡದಲ್ಲೇ ಹೇಳಿದ:

"ಶ್! ಮೆಲ್ಲಗೆ ಮಾತಾಡು ಮಾರಾಯ. ಮಗು ಮಲಗಿದೆ."