ಬೆಣ್ಣೆನಗರಿಯಲ್ಲಿ ಬಂಗುಡೆ ಮಾರಿದ್ದು

ಸಮುದ್ರ ನೋಡಬೇಕಾದರೆ ಘಟ್ಟ ಇಳಿದು ಹೋಗಬೇಕಾದ ಊರಿನಲ್ಲಿ ನಿಂತು ಸಮುದ್ರದ ಮೀನು ಮಾರುವವನಿಗೆ ದಿನಾ ಒಂದಲ್ಲ ಒಂದು ನಗುವ ಪ್ರಸಂಗ ಎದುರಾಗುತ್ತಲೇ ಇರುತ್ತದೆ. ನಾನು ಬಹಳ ವರ್ಷ ಬೆಣ್ಣೆನಗರಿ ದಾವಣಗೆರೆ, ಹರಿಹರದ ಲೈನಿನಲ್ಲಿ ಫ್ರೋಜನ್ ಮೀನಿನ ಕಂಪನಿಯೊಂದಕ್ಕೆ ಸೇಲ್ಸ್‌ಮನ್ ಆಗಿದ್ದೆ. ಅದಕ್ಕೂ ಮೊದಲು ಐಸ್‌ಕ್ರೀಂ ಮಾರುತ್ತಿದ್ದೆ. ಯಾವ ಅಂಗಡಿಯಲ್ಲಿ ಫ್ರೀಜರ್ ಇಡಲು ಜಾಗವಿದೆ, ಯಾವ ಬೀದಿಯಲ್ಲಿ ಕರೆಂಟು ಜಾಸ್ತಿ ಹೋಗುತ್ತದೆ, ಎಲ್ಲ ನನಗೆ ಬಾಯಿಪಾಠ. ಅದಕ್ಕೇ ಮೀನಿನ ಕಂಪನಿಯವರು ನನ್ನನ್ನು ಕರೆದಿದ್ದು.

ಇಂಟರ್‌ವ್ಯೂ ಮಾಡಿದ ಮ್ಯಾನೇಜರ್ ಮಂಗಳೂರು ಕಡೆಯವರು.

"ನೀವು ಮೀನು ತಿಂತೀರಾ?"

"ಇಲ್ಲ ಸರ್. ನಮ್ಮ ಮನೆತನದಾಗೇ ಯಾರೂ ಮುಟ್ಟಲ್ಲ."

ಕೆಲಸ ಕೈತಪ್ಪಿತು ಅಂದುಕೊಂಡೆ. ಅವರು ಎದ್ದು ನಿಂತು ಕೈಕುಲುಕಿದರು.

"ಭಾರಿ ಒಳ್ಳೇದಾಯ್ತು ಮಾರಾಯ್ರೆ. ನಿಮ್ಮ ಮುಂಚೆ ಇದ್ದವ ಸ್ಯಾಂಪಲ್ ಎಲ್ಲ ಸಾರು ಮಾಡಿ ಮುಗಿಸಿದ!"

ಫ್ರೀಜರ್ ತುಂಬಿದೆ

ಆಗ ಮೀನು ಇಡುವ ಅಂಗಡಿಗೆ ಫ್ರೀಜರನ್ನು ಕಂಪನಿಯೇ ಕೊಡುತ್ತಿತ್ತು. ಮೊದಲು ಒಪ್ಪಿಕೊಂಡವರು ದಾವಣಗೆರೆ ವಿನೋಬನಗರದ ಒಬ್ಬ ಕಿರಾಣಿ ಅಂಗಡಿಯವರು. ಫ್ರೀಜರ್ ಇಳಿಸಿದ ದಿನ ಅವರೇ ಒಂದು ತೆಂಗಿನಕಾಯಿ ಒಡೆದು, ಮುಚ್ಚಳಕ್ಕೆ ಕುಂಕುಮ ಹಚ್ಚಿದರು. ಮುಚ್ಚಳದ ಮೇಲೆ ದೊಡ್ಡದೊಂದು ಮೀನಿನ ಚಿತ್ರ. ಕುಂಕುಮ ಸರಿಯಾಗಿ ಅದರ ಹಣೆಗೇ ಬಿತ್ತು.

ಆಮೇಲೆ ನಾನು ಯಾವಾಗ ಫೋನ್ ಮಾಡಿದರೂ ಒಂದೇ ಉತ್ತರ. "ಫ್ರೀಜರ್ ಫುಲ್ ಐತ್ರಿ, ಸದ್ಯಕ್ಕೆ ಮಾಲು ಬ್ಯಾಡ." ನಾನು ಅದನ್ನೇ ಒಳ್ಳೆ ಸುದ್ದಿ ಅಂತ ಮ್ಯಾನೇಜರರಿಗೆ ಹೇಳಿದೆ. ಅವರಿಗೆ ಅನುಮಾನ ಬಂತು. ಮೀನು ಖಾಲಿಯಾಗದೆ ಫ್ರೀಜರ್ ತುಂಬಿರುವುದು ಹೇಗೆ ಒಳ್ಳೆ ಸುದ್ದಿ? ಒಂದು ದಿನ ನನ್ನನ್ನು ಕರೆದುಕೊಂಡು ಅಂಗಡಿಗೇ ಬಂದರು.

ಮೀನಿನ ಚಿತ್ರದ ಮೇಲೆ ಟವೆಲ್ ಹೊದಿಸಿತ್ತು. ಮ್ಯಾನೇಜರ್ ಟವೆಲ್ ಸರಿಸಿ ಮುಚ್ಚಳ ಎತ್ತಿದರು. ಒಳಗೆ ಬಾಯಿತನಕ ಬೆಣ್ಣೆ! ಪಕ್ಕದ ದೋಸೆ ಹೋಟೆಲಿನವರ ಡಬ್ಬಿಗಳು ಸಾಲಾಗಿ ಕೂತಿದ್ದವು.

"ಎಂತ ಇದು? ನಮ್ಮ ಮೀನು ಎಲ್ಲಿ?"

ಅಂಗಡಿಯವರು ಒಂದಿಷ್ಟೂ ಗಾಬರಿಯಾಗಲಿಲ್ಲ. "ಅಡಿಯಾಗೆ ಐತ್ರಿ ಸಾಹೇಬ್ರ, ಸೀಲ್ ಕೂಡ ಒಡೆದಿಲ್ಲ. ನಿಮ್ಮ ಫ್ರೀಜರ್ ಬಗ್ಗೆ ಎರಡು ಮಾತಿಲ್ಲ, ಬೆಣ್ಣೆ ಕಲ್ಲಾಗ್ತೈತೆ."

ಅಷ್ಟರಲ್ಲಿ ಬೆಣ್ಣೆ ಒಯ್ಯಲು ಹೋಟೆಲಿನವರೇ ಬಂದರು. ಟವೆಲಿಲ್ಲದ ಮುಚ್ಚಳವನ್ನು ಅವರು ನೋಡಿದ್ದು ಅದೇ ಮೊದಲು. ಮೀನನ್ನು ನೋಡಿದರು, ಅದರ ಹಣೆಯ ಕುಂಕುಮ ನೋಡಿದರು, ಬೆಣ್ಣೆ ನೋಡಿದರು. ಮುಖ ಬಿಳುಚಿಕೊಂಡಿತು. ಡಬ್ಬಿಗಳನ್ನೆಲ್ಲ ಎತ್ತಿಕೊಂಡು ಹೊರಟೇಹೋದರು.

ಅಂಗಡಿಯವರು ನನ್ನ ಕಡೆ ತಿರುಗಿ ಹೇಳಿದರು. "ನೋಡ್ರಿ, ನಿಮ್ಮ ಮೀನಿನ ದೆಸೆಯಿಂದ ನನ್ನ ಫ್ರೀಜರ್ ವ್ಯಾಪಾರ ಹಾಳಾತು."

ಹೊಳೆ ಮೀನು

ಹರಿಹರದಲ್ಲಿ ಹೊಳೆಯ ಕಡೆ ಹೋಗುವ ದಾರಿಯಲ್ಲಿ ಒಬ್ಬ ಅಕ್ಕ ಬುಟ್ಟಿ ಇಟ್ಟುಕೊಂಡು ತುಂಗಭದ್ರೆಯ ಮೀನು ಮಾರುತ್ತಿದ್ದರು. ಬುಟ್ಟಿಯಲ್ಲಿ ಮೀನು ಒದ್ದಾಡುತ್ತಿದ್ದರೆ ಮಾತ್ರ ಗಿರಾಕಿ ಕೂರುವ ಕಾಲ ಅದು. ನಾನು ಬಂಗುಡೆಯ ಪಾಕೀಟು ಹಿಡಿದು ಅವರ ಮುಂದೆ ನಿಂತೆ.

"ಇದು ಸತ್ತು ಎಷ್ಟು ದಿನ ಆತು?" ಅಂದರು.

ಟ್ರೈನಿಂಗಿನಲ್ಲಿ ಕಲಿಸಿದ್ದನ್ನು ಒಪ್ಪಿಸಿದೆ. "ಹಿಡಿದ ಕೂಡ್ಲೇ ಗಟ್ಟಿ ಮಾಡ್ತಾರೆ ಅಕ್ಕ. ಸಮುದ್ರದಾಗೆ ಹೆಂಗಿತ್ತೋ ಹಂಗೇ ಇರ್ತೈತೆ."

ಅಕ್ಕ ಒಂದು ಬಂಗುಡೆ ತೆಗೆದು ತಕ್ಕಡಿಯ ತಟ್ಟೆಗೆ ಕುಟ್ಟಿದರು. ಟಣ್ ಅಂತು.

"ಸಮುದ್ರದಾಗೂ ಹಿಂಗೇ ಇತ್ತಾ? ಹಂಗಾದ್ರೆ ಈಜ್ತಿತ್ತೋ, ಉರುಳ್ತಿತ್ತೋ?"

ಅಕ್ಕಪಕ್ಕದವರೆಲ್ಲ ನಕ್ಕರು. ನಾನು ಬೈಕ್ ಹತ್ತಿದೆ.

ವರ್ಷಗಳು ಕಳೆದವು. ಜನಕ್ಕೆ ಮನೆಯಲ್ಲಿ ಮೀನು ಕೊಯ್ದು ತೊಳೆಯುವ ಪುರುಸೊತ್ತು ಕಡಿಮೆಯಾಯಿತು. ಕ್ಲೀನ್ ಮಾಡಿದ್ದು ಬೇಕು, ಮುಳ್ಳು ಕಮ್ಮಿ ಇರಬೇಕು, ಟಿವಿಯಲ್ಲಿ ನೋಡಿದ ಮೀನೇ ಆಗಬೇಕು. ಒಂದು ಬೇಸಿಗೆ ಹೊಳೆ ಇಳಿದು ಮರಳು ಕಾಣುತ್ತಿದ್ದಾಗ ಅಕ್ಕನೇ ಫೋನ್ ಮಾಡಿದರು. "ಅವತ್ತಿನ ಕಬ್ಬಿಣದ ಮೀನು ಈಗಲೂ ಅದಾವೇನಪ್ಪ?" ಸಂತೋಷದಿಂದ ಕಳಿಸಿದೆ.

ಮುಂದಿನ ವಾರ ನೋಡಲು ಹೋದೆ. ನನ್ನ ಬಂಗುಡೆಗಳು ಒಂದು ದೊಡ್ಡ ಬೋಗುಣಿಯ ನೀರಿನಲ್ಲಿ ಮೆತ್ತಗಾಗಿ ಮಲಗಿದ್ದವು. ಅಕ್ಕ ಅವುಗಳ ಮೇಲೆ ನೀರು ಎರಚುತ್ತಾ ಕೂಗುತ್ತಿದ್ದರು. "ಬರ್ರಿ, ಹೊಳೆ ಮೀನು, ಹೊಳೆ ಮೀನು!"

ಕನ್ನಡಕದ ಗಿರಾಕಿಯೊಬ್ಬರು ಬಗ್ಗಿ ನೋಡಿ ಕೇಳಿದರು. "ಏನವ್ವ, ನಮ್ಮ ಹೊಳೆಯಾಗೆ ಬಂಗುಡೆ ಎಲ್ಲಿಂದ ಬಂತು?"

"ಮೊದ್ಲಿಂದ ಇದ್ವು ಸರ. ಅಡಿಯಾಗೆ ಇರ್ತಿದ್ವು. ಈಗ ನೀರು ಇಳಿದೈತಲ್ಲ, ಕಾಣ್ತಾವೆ."

ಗಿರಾಕಿ ತಲೆಯಾಡಿಸಿ ಕಟ್ಟಿಸಿಕೊಂಡು ಹೋದರು. ನಾನು ಮೆಲ್ಲಗೆ, "ಅಕ್ಕ, ಇವು ಮಲ್ಪೆ ಕಡೆಯವು. ಹೊಳೆ ಮೀನು ಅನ್ನಬ್ಯಾಡ" ಅಂದೆ.

"ಬೆಳಿಗ್ಗೆಯಿಂದ ಹೊಳೆ ನೀರಾಗೇ ನೆನೀತಾವೆ. ಇನ್ನೆಷ್ಟು ಹೊಳೆ ಮೀನಾಗ್ಬೇಕು ಇವು?"

ಶ್ರಾವಣ ಅನ್ನುವವರು

ದಾವಣಗೆರೆಯ ಲಾಡ್ಜೊಂದರ ಹಾಲ್‌ನಲ್ಲಿ ಮಾರ್ಕೆಟ್ ಟ್ರೆಂಡ್ ಬಗ್ಗೆ ಮೀಟಿಂಗ್ ಇತ್ತು. ಕೊಚ್ಚಿಯಿಂದ ಕಂಪನಿಯ ದೊಡ್ಡ ಸಾಹೇಬರು ಬಂದಿದ್ದರು. ಅವರಿಗೆ ಕನ್ನಡ ಬಾರದು, ನಮಗೆ ಅವರ ಇಂಗ್ಲಿಷ್ ಪೂರ್ತಿ ಹಿಡಿಯದು. ನಡುವೆ ನಮ್ಮ ಮಂಗಳೂರಿನ ಮ್ಯಾನೇಜರ್ ಅತ್ತಿಂದಿತ್ತ ಮಾತು ದಾಟಿಸುತ್ತಿದ್ದರು.

ಗೋಡೆಯ ಮೇಲೆ ಇಡೀ ದೇಶದ ಮಾರಾಟದ ಗೆರೆ ಏಣಿ ಹತ್ತಿದ ಹಾಗೆ ಮೇಲೆ ಹೋಗುತ್ತಿತ್ತು. ನನ್ನ ಲೈನಿನ ಗೆರೆ ಸ್ವಲ್ಪ ದೂರ ಹೋಗಿ ಬಾವಿಗೆ ಬಿದ್ದಿತ್ತು.

ಸಾಹೇಬರು ಬಾವಿಯ ಮೇಲೆ ಕೋಲಿಟ್ಟು, ಇದಕ್ಕೆ ಕಾರಣ ಏನು ಅಂತ ಕೇಳಿದರು.

"ಶ್ರಾವಣ ಸರ್" ಅಂದೆ.

ಸಾಹೇಬರು ಹೆಸರು ಬರೆದುಕೊಂಡರು. ಹೋದ ವರ್ಷದ ಗೆರೆಯೂ ಅಲ್ಲೇ ಬಿದ್ದಿತ್ತಲ್ಲ ಅಂದರು.

"ಅದೂ ಶ್ರಾವಣನೇ ಸರ್. ವರ್ಷ ವರ್ಷ ಬರ್ತೈತೆ. ಒಂದು ತಿಂಗಳು ಇರ್ತೈತೆ."

ಸಾಹೇಬರ ಮುಖ ಗಂಭೀರವಾಯಿತು. ಮ್ಯಾನೇಜರರ ಕಿವಿಯಲ್ಲಿ ಏನೋ ಹೇಳಿದರು. ಮ್ಯಾನೇಜರ್ ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡು, ನಗು ತಡೆದು, ನನಗೆ ದಾಟಿಸಿದರು.

"ಆ ಶ್ರಾವಣ ಅನ್ನುವವರು ಅಂಗಡಿಯವರಿಗೆ ಎಷ್ಟು ಡಿಸ್ಕೌಂಟ್ ಕೊಡ್ತಾರೆ ಅಂತ ಕೇಳ್ತಿದ್ದಾರೆ. ಆಗುವುದಾದರೆ ಅವರನ್ನೇ ನಮ್ಮ ಏಜೆಂಟ್ ಮಾಡಿಕೊಳ್ಳಬೇಕಂತೆ ಮಾರಾಯ್ರೆ!"

ಫಾರಿನ್ ಸಿಗಡಿ

ಕೊರೋನಾ ಬಂದಾಗ ಹೊರದೇಶಕ್ಕೆ ಹೋಗಬೇಕಾದ ಸಿಗಡಿ ಹೋಗಲಾರದೆ ನಮ್ಮ ಲೈನಿಗೂ ಒಂದಿಷ್ಟು ಬಂತು. ನಮ್ಮ ದೇಶದ ಕೆರೆಗಳಲ್ಲೇ ಬೆಳೆದದ್ದು, ಆದರೆ ಪಾಕೀಟಿನ ಮೇಲೆ ಮಾತ್ರ ಓದಲು ಬಾರದ ಯಾವುದೋ ಭಾಷೆ. ಮಾಯಕೊಂಡದ ಒಬ್ಬ ಗಿರಾಕಿ ಬಹಳ ಹೆಮ್ಮೆಯಿಂದ ಒಯ್ದರು. ಮನೆಗೆ ಹೋದವರೇ ಫೋನ್ ಮಾಡಿದರು.

"ಮೋಸ ಆಗೈತ್ರಿ. ಪಾಕೀಟಿನಾಗೆ ನಿಂಬೆಹಣ್ಣಿಲ್ಲ."

"ಅದು ಬರೀ ಚಿತ್ರ ಸರ."

"ಚಿತ್ರದಾಗೆ ಸೊಪ್ಪು ಐತೆ, ಕೆಂಪು ಚಟ್ನಿ ಐತೆ, ಪಿಂಗಾಣಿ ಬಟ್ಟಲೂ ಐತೆ. ಬಟ್ಟಲು ಬ್ಯಾಡ ಬಿಡ್ರಿ, ಮನ್ಯಾಗೆ ಅದಾವೆ. ನಿಂಬೆಹಣ್ಣಾದ್ರೂ ಕೊಡಬೇಕಲ್ಲ?"

ಗಿರಾಕಿ ಕೈಬಿಟ್ಟು ಹೋಗಬಾರದು ಅಂತ ಮುಂದಿನ ಸಲ ಆ ಕಡೆ ಹೋದಾಗ ಸಂತೆಯಲ್ಲಿ ನಿಂಬೆಹಣ್ಣು ತೆಗೆದುಕೊಂಡು ಕೊಟ್ಟೆ. ಅವರು ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿ, ಬೇಜಾರಿನಿಂದ ಹೇಳಿದರು.

"ಇದು ಲೋಕಲ್ ಐತಲ್ರಿ!"

ಅತ್ತೆ ಬಂದದ್ದು

ಇನ್ನೊಂದು ಹೇಳುತ್ತೇನೆ. ನಾನು ಮೀನು ಮಾರುತ್ತೇನೆ ಅಂತ ಮನೆಯಲ್ಲಿ ಹೇಳಿರಲಿಲ್ಲ. ಹೆಂಡತಿಗೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ "ಕೋಲ್ಡ್ ಸ್ಟೋರೇಜ್ ಕಂಪನಿ" ಅಂದಿದ್ದೆ. ನಮ್ಮ ಅವ್ವ ಕೊನೆಯತನಕ ಬಂದವರಿಗೆಲ್ಲ, "ನಮ್ಮ ಹುಡುಗ ತಂಪು ಮಾಡೋ ಆಫೀಸ್ನಾಗೆ ಅದಾನೆ" ಅನ್ನುತ್ತಿದ್ದಳು.

ಅವ್ವ ಹೋದ ಮೇಲೆ ಒಂದು ದಿನ, ಊರಲ್ಲಿ ಹೊಸದಾಗಿ ತೆರೆದ ದೊಡ್ಡ ಅಂಗಡಿಯಲ್ಲಿ ಕಂಪನಿಯ ಹೊಸ ಮಾಲಿನ ಪ್ರಚಾರವಿತ್ತು. ಬ್ರೆಡ್ಡಿನ ಪುಡಿ ಹಚ್ಚಿದ ಸಿಗಡಿ, ಎಣ್ಣೆಗೆ ಬಿಟ್ಟರೆ ಸಾಕು. ಕಂಪನಿಯ ಏಪ್ರನ್ ಕಟ್ಟಿಕೊಂಡು ನಾನೇ ಕರಿಯುತ್ತಿದ್ದೆ. ತಲೆಯೆತ್ತಿದರೆ ಎದುರಿಗೆ ನಮ್ಮ ಸೋದರತ್ತೆ! ಜೊತೆಗೆ ಅವರ ಭಜನಾ ಮಂಡಳಿಯ ಹೆಂಗಸರು. ಎಲ್ಲರೂ ನಮ್ಮಂಥ ಮನೆಗಳವರೇ. ಅಡಗಿಕೊಳ್ಳಲು ಜಾಗವಿರಲಿಲ್ಲ.

"ಏನೋ ಇದು, ಮಿರ್ಚಿನಾ?" ಅತ್ತೆ ತಟ್ಟೆಯ ಕಡೆ ಕೈ ಚಾಚಿದರು. ಸಿಗಡಿಯ ಬಾಲ ಹೊರಗೆ ಕಾಣುತ್ತಿತ್ತು. "ತೊಟ್ಟು ಕೆಂಪಗೈತಲ್ಲ. ಬ್ಯಾಡಗಿ ಮೆಣಸಿನಕಾಯಾ?"

"ಬ್ಯಾಡ ಅತ್ತೆ, ಮುಟ್ಟಬ್ಯಾಡ!" ತಟ್ಟೆಯನ್ನು ಎದೆಗೆ ಅವಚಿಕೊಂಡೆ. "ಅದು... ಸಮುದ್ರದ್ದು."

ಅತ್ತೆ ನನ್ನನ್ನೂ ತಟ್ಟೆಯನ್ನೂ ನೋಡಿದರು. ನನ್ನ ಕಣ್ಣಲ್ಲಿ ನೀರು ತುಂಬಿತು. ಎಣ್ಣೆಯ ಹೊಗೆ ಅಂತ ಹೇಳಿಕೊಳ್ಳಬಹುದಿತ್ತು.

ಅತ್ತೆ ಹತ್ತಿರ ಬಂದು ದನಿ ತಗ್ಗಿಸಿದರು. "ಯಾಕೋ ಇಷ್ಟು ಅಂಜ್ತೀ? ನಿಮ್ಮವ್ವಗೆ ಗೊತ್ತಿರಲಿಲ್ಲ ಅಂತ ಮಾಡಿಯಾ? ನಿನ್ನ ಅಂಗಿ ಬ್ಯಾರೆ ಬಕೀಟಿನಾಗೆ ಹಾಕಿ, ನಿಂಬೆಹೋಳು ತಿಕ್ಕಿ ಒಗೀತಿದ್ಲು. 'ಹೇಳಿದ್ರೆ ಪಾಪ ನಾಚ್ಕಂತಾನೆ, ಸುಮ್ಮನಿರ್ರಿ' ಅಂತ ನಮ್ಮ ಬಾಯೆಲ್ಲ ಕಟ್ಟಿದ್ಲು."

ನಾನು ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡೆ. ಬಾಣಲೆಯಲ್ಲಿದ್ದದ್ದು ಕರಟಿಹೋಯಿತು.

ಅತ್ತೆ ಮಂಡಳಿಯ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದರು. "ಇವ ನಮ್ಮ ಅಣ್ಣನ ಮಗ. ಮೀನಿನ ಕಂಪನ್ಯಾಗೆ ಅದಾನೆ. ನಾವಂತೂ ತಿನ್ನಲ್ಲ. ತಿನ್ನೋರು ಯಾರಾದ್ರೂ ಗೊತ್ತಿದ್ರೆ ಹೇಳ್ರಿ, ಹುಡುಗನಿಗೆ ವ್ಯಾಪಾರ ಆಗ್ಲಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬರು ಸೆರಗು ಸರಿಮಾಡಿಕೊಂಡು, "ನಮ್ಮ ಮನೆ ಬಾಡಿಗೆಯವರು ತಿಂತಾರಪ್ಪ. ಒಂದು ಪಾಕೀಟು ಕೊಡು" ಅಂದರು. ಇನ್ನೊಬ್ಬರು, "ನಮ್ಮ ಬಾಡಿಗೆಯವರಿಗೂ ಒಂದು" ಅಂದರು. ಮತ್ತೊಬ್ಬರು ಬಾಡಿಗೆಯವರು ಖಾರ ತಿನ್ನುವುದಿಲ್ಲವೆಂದು ಸಪ್ಪೆಯದನ್ನೇ ಹುಡುಕಿಸಿದರು. ನೋಡನೋಡುತ್ತ ತಂದ ಮಾಲೆಲ್ಲ ಖಾಲಿ.

ಅವರೆಲ್ಲ ಮುಂದೆ ಹೋದ ಮೇಲೆ ನಾನು, "ಬಾಡಿಗೆಯವರ ಮೇಲೆ ಎಷ್ಟು ಕಾಳಜಿ ಅತ್ತೆ ಇವರಿಗೆ!" ಅಂದೆ.

ಅತ್ತೆ ಮಾಲಿನ ಖಾಲಿ ಪೆಟ್ಟಿಗೆಗಳ ಕಡೆ ಒಮ್ಮೆ ನೋಡಿ ಹೇಳಿದರು.

"ಹೌದಪ್ಪ. ಇವರಾಗೆ ಇಬ್ರು ತಾವೇ ಬಾಡಿಗೆ ಮನ್ಯಾಗೆ ಅದಾರೆ."