ಅತ್ತೆಯ ಮಾತಿಗೆ ನಾನು ಟೋಕನೈಸರ್ ಬರೆದದ್ದು

ಕಂಪ್ಯೂಟರಿಗೆ ಮಾತು ಬಿಡಿಸಲು ಕಲಿಸುವುದು ಬಂಗುಡೆಯ ಮುಳ್ಳು ಬಿಡಿಸಿದಷ್ಟೇ ಸುಲಭ ಎಂದು ನಾನು ನಂಬಿದ್ದೆ. ನನಗೆ ಮೀನು ಕೊಯ್ಯಲು ಬರುವುದಿಲ್ಲ ಎಂಬುದನ್ನು ಆಗ ಯಾರೂ ನೆನಪಿಸಲಿಲ್ಲ!

ನಾನು ತಲ್ಲೂರಿನ ಕಂಪ್ಯೂಟರ್ ಮೇಷ್ಟ್ರು. ಹೆಂಡತಿ ಸುಜಾತಾ ಗಂಗೊಳ್ಳಿಯವಳು. ಅವಳ ತಾಯಿ, ಮಕ್ಕಳ ಬಾಯಲ್ಲಿ 'ಅಬ್ಬಿ', ಬಂದರಿನಲ್ಲಿ ಮೀನು ಮಾರುತ್ತಿದ್ದವರು. ಅವರು ತೀರಿಕೊಳ್ಳುವ ಮೊದಲು, ಅವರು ಹೇಳುತ್ತಿದ್ದ ಹಳೇ ಕಥೆಗಳನ್ನು ಭಾವಮೈದ ರಾಘವ ಒಂದು ಕ್ಯಾಸೆಟ್ಟಿಗೆ ತುಂಬಿಸಿಟ್ಟಿದ್ದ. ಕಥೆ ನೆಟ್ಟಗೆ ಹೋದರೆ ತಾನೇ? ಕಥೆಯ ದೋಣಿ ಹೊಳೆಬಾಯಿಯ ಅಳಿವೆ ದಾಟುವ ಹೊತ್ತಿಗೆ ಸರಿಯಾಗಿ ಅತ್ತೆ, "ಹ್ವಾಯ್, ಆ ಬೆಕ್ಕ್ ಓಡ್ಸಿ!" ಎನ್ನುತ್ತಿದ್ದರು. ಮತ್ತೆ ನಾಲ್ಕು ಮಾತಿಗೆ ಮಗಳನ್ನು ಕರೆದು, "ಹೆಣೆ ಸುಜೀ, ಉಂಡ್ಯಾ?" ಆಮೇಲೆ ದೋಣಿ ಮುಂದಕ್ಕೆ.

ಉಪ್ಪುಗಾಳಿಗೆ ಕ್ಯಾಸೆಟ್ಟಿಗೆ ಬೂಸಲು ಹಿಡಿಯಿತು. ನಾನು ಕೇಳಿ ಕೇಳಿ ಟೈಪು ಮಾಡಿ ಮುಗಿಸುವುದಕ್ಕೂ ಟೇಪು ರೆಕಾರ್ಡರ್ ಅದನ್ನು ನುಂಗುವುದಕ್ಕೂ ಸರಿಹೋಯಿತು. ಅತ್ತೆಯ ಮಾತೆಂದು ಉಳಿದದ್ದು ನನ್ನ ಕಂಪ್ಯೂಟರಿನ ಒಂದು ಫೈಲು ಮಾತ್ರ.

"ವರ್ಷಾಂತಿಕದ ದಿನ ಅದನ್ನ್ ಓದಿ ಹೇಳ್ತ್ರಿಯಾ? ಅಬ್ಬಿ ನನ್ನ ಕರ್ದದ್ದೆಲ್ಲ ಅದ್ರಂಗೆ ಇತ್ತಲ್ದಾ?" ಎಂದು ಸುಜಾತಾ ಕೇಳಿದಳು.

"ಇತ್ತ್, ಎಲ್ಲ ಇತ್ತ್," ಎಂದೆ.

ಫೈಲು ತೆರೆದು ಓದಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ನಾನು ಮೇಷ್ಟ್ರು! ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕಿದ ಒಂದು ಪಾರ್ಸರ್ ನನ್ನ ಹತ್ತಿರ ಇತ್ತು. ವಾಕ್ಯ ಕೊಟ್ಟರೆ, ಯಾವ ಪದಕ್ಕೆ ಯಾವ ಪದ ನಂಟು ಎಂದು ಬಿಡಿಸಿ ತೋರಿಸುವ ತಂತ್ರಾಂಶ. ಅದರಿಂದ ಅತ್ತೆಯ ಕಥೆಗಳನ್ನು ಶಾಸ್ತ್ರೋಕ್ತವಾಗಿ ಜೋಡಿಸಿ ಪುಸ್ತಕ ಮಾಡಿ ಹೆಂಡತಿಯ ಕೈಗಿಡುವುದೆಂದು ಸಂಕಲ್ಪ ಮಾಡಿದೆ.

ಪಾರ್ಸರ್ ನೋಡಿತು. ಅತ್ತೆಗೆ ಪೂರ್ಣವಿರಾಮ ಎಂಬುದೇ ಗೊತ್ತಿರಲಿಲ್ಲ, ನಾನೂ ಹಾಕಿರಲಿಲ್ಲ. ಇಡೀ ಕಥೆ ಒಂದೇ ವಾಕ್ಯ ಎಂದು ಅದು ತೀರ್ಪು ಕೊಟ್ಟು ಮಲಗಿತು.

ಮಾತನ್ನು ಮೊದಲು ತುಂಡು ಮಾಡಿಕೊಡುವ ಭಾಗಕ್ಕೆ ಟೋಕನೈಸರ್ ಎನ್ನುತ್ತಾರೆ. ಅದು ಪಾರ್ಸರಿನ ಹೊಟ್ಟೆಯೊಳಗೇ ಇತ್ತು, ಹೊರಗಿನವರು ಮುಟ್ಟುವ ಹಾಗಿರಲಿಲ್ಲ. ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಬರೆದು ಅದಕ್ಕೆ ಅಪ್ಪಣೆ ಕೊಡಲು ಒಂದು ಕಿಂಡಿ ಇತ್ತು, ಅಷ್ಟೇ. ಆ ಕಿಂಡಿಯನ್ನು ಅಗಲ ಮಾಡಿ, ಯಾರು ಬೇಕಾದರೂ ತಮ್ಮ ಸ್ವಂತ ಟೋಕನೈಸರ್ ಹಚ್ಚುವಂತೆ ಮಾಡಿದೆ. ಮಹಾ ಸಾಧನೆ! ನನ್ನ ಮೊದಲ ಟೋಕನೈಸರ್ ಅಕ್ಷರದ ಕೊಂಬು ಒಂದು ಕಡೆ, ಒತ್ತು ಇನ್ನೊಂದು ಕಡೆ ಕಿತ್ತು ಹಾಕಿತು. ಎರಡನೆಯದು ಬೆಕ್ಕನ್ನು ದೋಣಿಯಲ್ಲಿ ಕೂರಿಸಿತು.

"ಎಂತ ಮಾಡ್ತ್ರಿ ಮಾರಾಯ್ರೆ? ಅನ್ನ ತಣ್ದ್ ಹೋಯ್ತ್," ಎಂದಳು ಸುಜಾತಾ.

"ನಿನ್ನ ಅಬ್ಬಿಯ ಮಾತು ನೇರ ಮಾಡ್ತಾ ಇದ್ದೆ!"

"ಅದ್ ಸೊಟ್ಟ ಇತ್ತ್ ಅಂದದ್ದ್ ಯಾರ್?"

ಅದು ನನ್ನ ತಲೆಗೆ ಹೋಗಲಿಲ್ಲ. ಮೂರನೆಯ ಟೋಕನೈಸರಿಗೆ ಒಂದು ಅಪ್ಪಣೆ ಸೇರಿಸಿದೆ: ಕಥೆಗೆ ಅಂಟದ ತುಂಡು ಬಂದರೆ ಎತ್ತಿ ಬಿಸಾಡು. ಪಾರ್ಸರ್ ಚೂರೂ ತಕರಾರು ಮಾಡದೆ ಕೊನೆಯವರೆಗೆ ಓದಿತು. ಹಿಗ್ಗಿ ಹೀರೇಕಾಯಿಯಾಗಿ, ಬಂದದ್ದನ್ನು ಹಳೇ ಹೆಸರಿನಲ್ಲೇ, ಹಳೇ ಫೈಲಿನ ಮೇಲೆಯೇ ಉಳಿಸಿದೆ. ಇನ್ನೊಂದು ಪ್ರತಿ ಇಡಬೇಕೆಂದು ಮಕ್ಕಳಿಗೆ ದಿನಾ ಪಾಠ ಹೇಳುವ ಮನುಷ್ಯ ನಾನು.

ವರ್ಷಾಂತಿಕದ ದಿನ ಗಂಗೊಳ್ಳಿಯ ಮನೆಯಲ್ಲಿ ಅತ್ತೆಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಗೆ ಬಡಿಸಿ ಎಡೆ ಇಟ್ಟರು. ಸತ್ತವರು ಬಂದು ಉಣ್ಣಲಿ ಎಂದು ಕೋಣೆಯ ಬಾಗಿಲು ಹಾಕಿ, ಎಲ್ಲರೂ ಹೊರಗೆ ಕಾಯುವುದು ಕ್ರಮ. ಆ ಹೊತ್ತಿಗೆ ನಾನು ಮುದ್ರಿಸಿ ತಂದದ್ದನ್ನು ಗಂಟಲು ಸರಿಮಾಡಿಕೊಂಡು ಓದತೊಡಗಿದೆ.

ದೋಣಿ ಎಲ್ಲೂ ನಿಲ್ಲದೆ ಅಳಿವೆ ದಾಟಿತು. ಬೆಕ್ಕು ಬರಲಿಲ್ಲ. ಸುಜಾತಾ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು, ಈಗ ಬರುತ್ತದೆ, ಈಗ ಬರುತ್ತದೆ ಎಂದು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ದೋಣಿ ದಡ ಸೇರಿತು. ಕಥೆ ಮುಗಿಯಿತು.

"ಇದ್ ಯಾರ್ ಮಾತ್ ಭಾವ?" ರಾಘವ ಕೇಳಿದ. "ಅಬ್ಬಿ ಹೀಂಗ್ ಮಾತಾಡಿದ್ದೇ ಇಲ್ಲ."

"ನನ್ನ ಕರ್ದದ್ ಎಲ್ಲ್ ಹೋಯ್ತ್?" ಎಂದಳು ಸುಜಾತಾ.

ಕಥೆಗೆ ಅಂಟದ್ದನ್ನು ತೆಗೆದೆ, ಹಳೆಯ ಫೈಲೂ ಈಗ ಹೀಗೆಯೇ ಎಂದು ಹೇಳಿದೆ. ಹೇಳುವಾಗ ನನ್ನ ಸ್ವರ ನನಗೇ ಹೇಸಿಗೆಯಾಯಿತು. ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಮೀನಿನ ತಲೆ ಬೆಕ್ಕಿಗ್ ಹಾಕಿ, ನಂಗ್ ಮುಳ್ಳ್ ಬಡ್ಸ್ದ್ರಿ," ಎಂದಳು. ಎದ್ದು ಹೋಗಿ, ಹಾಕಿದ್ದ ಬಾಗಿಲಿಗೆ ಹಣೆ ತಾಗಿಸಿ ನಿಂತು, ಮೆಲ್ಲಗೆ ಕೇಳಿದಳು: "ಅಬ್ಬೀ, ಉಂಡ್ಯಾ?"

ರಾಘವ ಮುಖ ಆಚೆ ತಿರುಗಿಸಿದ. ನನಗೂ ಅಳು ತಡೆಯಲಾಗಲಿಲ್ಲ.

ಮನೆಗೆ ಬಂದವನೇ ಕಂಪ್ಯೂಟರ್ ಹಚ್ಚಿ, ನೆನಪಿದ್ದಷ್ಟನ್ನು ಮತ್ತೆ ಸೇರಿಸಲು ಕೂತೆ. "ಹೆಣೆ ಸುಜೀ, ಉಂಡ್ಯಾ?" ಎಂದು ಟೈಪು ಮಾಡಿ, ಚಟ ಬಿಡದೆ ಪಾರ್ಸರಿಗೂ ಒಮ್ಮೆ ತೋರಿಸಿದೆ. ಅದು ಕ್ಷಣವೂ ಯೋಚಿಸದೆ ಆ ಸಾಲನ್ನು ಎತ್ತಿ ಬಿಸಾಡಿತು. ಇಷ್ಟು ವರ್ಷದ ಮೇಷ್ಟ್ರುಗಿರಿಯಲ್ಲಿ ನನ್ನ ಪಾಠವನ್ನು ಚಾಚೂ ತಪ್ಪದೆ ಕಲಿತ ಶಿಷ್ಯ ಅದೊಂದೇ!